ಕೊಂಬು ತಪ್ಪಿದ ಚೀಟಿ

ಆಶಾ ಕಾರ್ಯಕರ್ತೆ ಬರೆದು ಕಳಿಸಿದ ಚೀಟಿ:
'ಈತನಿಗೆ ಮೂರು ತಿಂಗಳಿಂದ ಮರಳು ಹಿಡಿದಿದೆ.'
ಅವಸರದಲ್ಲಿ ಕೊಂಬು ಬಿಟ್ಟುಹೋಗಿತ್ತು.
ಓಬಳೇಶಿ ಕನ್ನಡಕ ಏರಿಸಿ ಓದಿದ:
"ಮರಳು ಹಿಡಿದ್ರೆ ನಮ್ ಕಡೆ ಯಾಕ್ ಕಳ್ಸ್ಯಾರ್ರಿ ಮೇಡಂ,
ಗಣಿ ಇಲಾಖೆಗೆ ಕಳಿಸ್ಬೇಕಿತ್ತು."
ನಾನು ನಗಲಿಲ್ಲ. ನಕ್ಕೆ, ಆಮೇಲೆ.

ಬೆಂಚಿನ ಮೇಲೆ ದಾದಾಪೀರ್, ಮಂಡಕ್ಕಿ ಭಟ್ಟಿಯವನು.
ಮುಂಗೈ ತುಂಬ ಸುಟ್ಟ ಸಣ್ಣ ಚುಕ್ಕೆಗಳು,
ಅಂಗಿಯ ಮಡಿಕೆಯಲ್ಲಿ ನಿಜವಾಗಿಯೂ ಮರಳು;
ಕೂತಲ್ಲಿ, ಎದ್ದಲ್ಲಿ, ಒಂದಿಷ್ಟು ಉದುರುತ್ತಿತ್ತು.
ಚೀಟಿ ಬರೆದವಳದು ಪೂರ್ತಿ ತಪ್ಪೇನಲ್ಲ.

ಎಂ.ಡಿ. ಮುಗಿದು ಅಂದಿಗೆ ಹನ್ನೊಂದನೇ ದಿನ.
ಫಲಿತಾಂಶ ಬಂದು ಪೇಡೆ ಹಂಚಿಯಾಗಿತ್ತು.
ತಲೆ ಮುಟ್ಟಿ ನೋಡಿಕೊಂಡಿದ್ದೆ: ನನಗೂ ಕೊಂಬು ಮೂಡಿರಲಿಲ್ಲ.
ಮೇಜಿನ ಖಾನೆಯಲ್ಲಿ ಎರಡು ಕಾಗದ.
ಇದೇ ವಿಭಾಗದಲ್ಲಿ ಸೀನಿಯರ್ ರೆಸಿಡೆಂಟ್ ಆಗಿ
ಮುಂದುವರಿಯುತ್ತೀರಾ ಎಂದು ಕೇಳಿದ್ದು ಒಂದು.
ಇನ್ನೊಂದು ಹುಬ್ಬಳ್ಳಿಯಿಂದ ಕೊಟ್ರೇಶ ಕಳಿಸಿದ್ದು,
ವಿಮಾ ಕಂಪನಿಯಲ್ಲಿ ಕ್ಲೇಮು ಪರಿಶೀಲಿಸುವ ಕೆಲಸ:
"ಎ.ಸಿ. ಕೋಣೆ, ಆರಕ್ಕೆ ಮನೆ,
ಬರೀ ಕಾಗದ ನೋಡೋದು. ಕಾಗದ ಅಳಲ್ಲ ನೋಡು."

ಚಿಕ್ಕಮ್ಮ ಮದುವೆ ಮನೆಗಳಲ್ಲಿ ನನ್ನನ್ನು
'ನರದ ಡಾಕ್ಟ್ರು' ಎಂದು ಪರಿಚಯಿಸುತ್ತಾಳೆ,
ಆಮೇಲೆ ಕೈತೊಳೆಯುವಲ್ಲಿ ಪಕ್ಕಕ್ಕೆ ಕರೆದು
ಯಾರದೋ ನಿದ್ದೆಯ ಬಗ್ಗೆ ಕೇಳುತ್ತಾಳೆ.
ಆ ಯಾರೋ ಅವಳೇ.

ಎರಡನೇ ವರ್ಷ, ಅನ್ನಪೂರ್ಣಿ.
ಚೌಕಿಪೇಟೆಯ ಸೀರೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವಳು.
'ಗುರುವಾರ ಬರ್ತೀನಿ' ಅಂದಳು.
ಗುರುವಾರ ಬಂತು.
ಅವಳ ಕಡತ ಇನ್ನೂ ಕಪಾಟಿನಲ್ಲಿದೆ,
ಕೊನೆಯ ಸಾಲು ನನ್ನ ಅಕ್ಷರದಲ್ಲಿ: 'ಇಂದು ಸ್ವಲ್ಪ ನಕ್ಕಳು.'
ಆ ಸಾಲನ್ನು ಎಷ್ಟು ಸಲ ತೆಗೆದು ಓದಿದೆನೋ
ಅಷ್ಟೂ ಸಲ ಇದನ್ನು ಬಿಟ್ಟುಬಿಡಬೇಕು ಅಂದುಕೊಂಡೆ.
ನಮ್ಮ ಮೇಷ್ಟ್ರು ಆಡಿದ್ದು ಒಂದೇ ಮಾತು,
ಅದೂ ಇಬ್ಬರ ಚಹಾ ಪೂರ್ತಿ ಆರಿದ ಮೇಲೆ:
"ಅವಳು ಬರಲಿಲ್ಲ. ನೀನು ಶುಕ್ರವಾರ ಬಾ."

ದಾದಾಪೀರನಿಗೆ ದನಿ ಕೇಳುತ್ತದೆ. ಯಾರದು, ಅಂದೆ.
"ಭಟ್ಟಿಯೊಳಗಿಂದ್ರಿ. ಕಾದ ಮರಳಿಗೆ ಹಾಕಿದ ಕೂಡ್ಲೆ
ಒಂದೊಂದು ಕಾಳೂ ನನ್ನ ಹೆಸರು ಕರೀತೈತಿ.
ಅರಳ್ತಾವಲ್ರೀ, ಅವಾಗ."
ನೀವೇನು ಮಾಡುತ್ತೀರಿ?
"ಓ ಅಂತೀನ್ರಿ.
ಅಷ್ಟಕ್ಕೂ ಓ ಅನ್ನಾಕ ಒಂದು ಬಾಯಿ ಸಾಲದು."

ಅಕ್ಕ ಖೈರುನ್ನಿಸಾ ಬಾಗಿಲಲ್ಲೇ ನಿಂತು
ದುಪಟ್ಟಾದ ತುದಿಗೆ ಆಟೊ ಚಿಲ್ಲರೆ ಗಂಟು ಹಾಕುತ್ತ, ಬಿಚ್ಚುತ್ತ,
"ವಾಸಿ ಆಗ್ತೈತೇನಮ್ಮ?"
ಪುಸ್ತಕದಲ್ಲಿ ಶೇಕಡಾ ಲೆಕ್ಕವಿದೆ. ಹೇಳಲಿಲ್ಲ.
ಮಾತ್ರೆ ಬರೆದೆ. ಬಾಯಿ ಒಣಗಬಹುದು,
ಕೈ ನಡುಗಿದರೆ ಹೆದರಬೇಡಿ, ನಿಲ್ಲಿಸಲೂ ಬೇಡಿ ಎಂದೆ.
'ಹದಿನೈದು ದಿನಕ್ಕೆ ಮರಳಿ ಬನ್ನಿ' ಎಂದು ಬರೆಯುವಾಗ
'ಮರ' ಆದ ಮೇಲೆ ಪೆನ್ನು ನಿಂತಿತು.

ಮರುಳು. ಮರಳು. ಮರಳಿ.
ಒಂದು ಕೊಂಬು, ಒಂದು ಗುಡಿಸು.
ಒಂದನೇ ತರಗತಿಯ ಕಾಗುಣಿತ.
ಇಷ್ಟನ್ನು ತಿದ್ದಲು ಮೂರು ವರ್ಷ ಹಿಡಿಯಿತು,
ಇನ್ನೂ ತಪ್ಪುತ್ತೇನೆ.

ಸಂಜೆ ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಿತ್ತು.
ಸ್ಕೂಟರು ಆರಿಸಿ ನಿಂತೆ.
ಗೂಡ್ಸ್ ರೈಲು. ಐವತ್ತೆಂಟು ಡಬ್ಬಿ, ಎಣಿಸಿದೆ.
ಎಣಿಕೆಯ ನಡುವೆ ಕೊಟ್ರೇಶನ ಫೋನು: "ಏನ್ ಮಾಡ್ದೆ? ಸೈನು ಹಾಕಿದ್ಯಾ?"
ಹಾಕಿದ್ದೆ. ಯಾವ ಕಾಗದಕ್ಕೆ ಎಂದು ಹೇಳಿದ್ದು
ಗಾಲಿಗಳ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ.
ಪಕ್ಕದ ಗಾಡಿಯ ಚೀಲದಿಂದ ಬಿಸಿ ಮಂಡಕ್ಕಿಯ ವಾಸನೆ.
ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆದಂತಾಯಿತು.
'ಓ' ಅಂದೆ.
ತಿರುಗಿ ನೋಡಿದರೆ ಯಾರೂ ಇರಲಿಲ್ಲ, ಇಡೀ ಊರೇ ಇತ್ತು.

ಗೇಟು ಎದ್ದಿತು.
ಎಲ್ಲರೂ ಒಟ್ಟಿಗೇ ಹಾರನ್ನು ಹೊಡೆದರು.
ನಾಳೆ ಶುಕ್ರವಾರ.